ಸುಬ್ಬಲಕ್ಷ್ಮಮ್ಮನ ವಾಲ್ವ್ ಗುಂಡಿಯೂ ಸೋರಿಕೆ ಹಿಡಿಯುವ ಯಂತ್ರವೂ

ಮೈಸೂರಿನ ಕಡೆಯ ಒಂದು ಎಂಜಿನಿಯರಿಂಗ್ ಕಾಲೇಜು ನಮ್ಮೂರಿನ ಸುಬ್ಬಲಕ್ಷ್ಮಮ್ಮನಿಗೆ ಒಂದು ಕಬ್ಬಿಣದ ರಾಡು ಬಾಕಿ ಇಟ್ಟುಕೊಂಡಿದೆ. ಆಳೆತ್ತರದ ರಾಡು. ಕೆಳಗೆ ವಾಲ್ವಿನ ತಲೆಯನ್ನು ಕಚ್ಚಿ ಹಿಡಿಯುವ ಬಾಯಿ, ಮೇಲೆ ಎರಡು ಕೈಯಲ್ಲಿ ಹಿಡಿದು ತಿರುಗಿಸಲು ಒಂದು ಅಡ್ಡಹಿಡಿ, ಅಷ್ಟೆ. ಕೊಡುತ್ತೇವೆ ಎಂದು ಪಂಚಾಯಿತಿ ಕಚೇರಿಯಲ್ಲಿ ಕುರ್ಚಿ ಹಾಕಿಕೊಂಡು ಕೂತು ಹೇಳಿದ ಮಾತಿದು. ಆಮೇಲೆ ಎರಡು ಮಳೆಗಾಲ ಹೋಯಿತು. ಆ ಕಾಲೇಜಿನವರು ನಮ್ಮೂರಿನ ನೀರಿನ ಮೇಲೆ ಎರಡು ಸಂಶೋಧನಾ ಪ್ರಬಂಧ ಬರೆದರು. ಒಬ್ಬರಿಗೆ ಬಡ್ತಿ ಸಿಕ್ಕಿತು, ಒಬ್ಬನಿಗೆ ಡಾಕ್ಟರೇಟ್ ಸಿಗುವುದರಲ್ಲಿದೆ. ರಾಡು ಮಾತ್ರ ಬಂದಿಲ್ಲ.

ಸುಬ್ಬಲಕ್ಷ್ಮಮ್ಮ ಯಾರು ಎಂದು ಚಿಕ್ಕಯ್ಯನಛತ್ರ ಹೋಬಳಿಯಲ್ಲಿ ಕೇಳಿದರೆ ಯಾರೂ ಹೇಳಲಾರರು. ನೀರು ಬಿಡೋ ಸುಬ್ಬಕ್ಕ ಎಂದು ನಮ್ಮೂರಲ್ಲಿ ಕೇಳಿದರೆ ನಾಯಿಯೂ ದಾರಿ ತೋರಿಸುತ್ತದೆ. ಪಂಚಾಯಿತಿ ಹಾಜರಿಯಲ್ಲಿ ಅವಳ ಹುದ್ದೆ ವಾಟರ್‌ಮ್ಯಾನ್. ಮೊದಲು ಗಂಡ ಆ ಕೆಲಸದಲ್ಲಿದ್ದ. ಅವನು ಕುಡಿದು ಮಲಗಿದ ದಿನ ಇವಳು ನೀರು ಬಿಡುತ್ತಿದ್ದಳು. ಮಲಗುವ ದಿನಗಳೇ ಹೆಚ್ಚಾದಾಗ ಪಂಚಾಯಿತಿಯವರು ಹೆಸರು ಬದಲಾಯಿಸಿದರು, ಹುದ್ದೆಯಲ್ಲಿದ್ದ ಮ್ಯಾನ್ ಅನ್ನು ಹಾಗೇ ಬಿಟ್ಟರು.

ಅವಳನ್ನು ಸಾಧ್ವಿ ಎಂದು ಚಿತ್ರಿಸಲು ನನಗೆ ಮನಸ್ಸಿಲ್ಲ. ಬಾಯಿ ಜೋರು, ಮುನಿಸು ಉದ್ದ. ಒಮ್ಮೆ ಒಬ್ಬ ಮೇಷ್ಟ್ರು ಇವಳ ಮೇಲೆ ತಾಲ್ಲೂಕು ಪಂಚಾಯಿತಿಗೆ ದೂರು ಬರೆದರು. ಆ ವರ್ಷವೆಲ್ಲ ಅವರ ಬೀದಿಗೆ ನೀರು ಬಂದದ್ದು ಮೇಷ್ಟ್ರು ಸ್ಕೂಲಿನಲ್ಲಿರುವ ಹೊತ್ತಿಗೆ ಮಾತ್ರ. ತನ್ನ ಅಣ್ಣನ ಬೀದಿಗೆ ಒಂದಿಷ್ಟು ಹೆಚ್ಚು ಬಿಡುತ್ತಾಳೆ ಎಂಬ ಆರೋಪವೂ ಇದೆ. ಆರೋಪ ನಿಜ.

ಆದರೆ ಆ ನೀರು ಬಿಡಲು ಅವಳು ಗುಂಡಿಗೆ ಇಳಿಯಬೇಕು. ಬೀದಿ ಕೂಡುವಲ್ಲೆಲ್ಲ ಒಂದೊಂದು ವಾಲ್ವ್ ಗುಂಡಿ. ಮೇಲೆ ಕಲ್ಲುಚಪ್ಪಡಿ, ಒಳಗೆ ಇಟ್ಟಿಗೆ ಗೋಡೆ, ತುಕ್ಕು ತಿಂದ ಕಬ್ಬಿಣದ ಮೆಟ್ಟಿಲು, ತಳದಲ್ಲಿ ಮೊಣಕಾಲುದ್ದ ಕೊಚ್ಚೆ. ಸೀರೆ ಎತ್ತಿ ಕಟ್ಟಿ ಇಳಿದು, ಬಗ್ಗಿ, ಸ್ಪ್ಯಾನರ್ ಹಾಕಿ ತಿರುಗಿಸಬೇಕು. ಒಂದು ಬೀದಿ ಮುಗಿದರೆ ಆ ವಾಲ್ವನ್ನು ಕಟ್ಟಿ, ಅಂದರೆ ಬಿಗಿದು ನೀರು ನಿಲ್ಲಿಸಿ, ಮುಂದಿನ ಗುಂಡಿ. ಒಮ್ಮೆ ಕೇರೆಹಾವು ಇತ್ತು. ಕೇರೆ ಕಚ್ಚಿದರೆ ಸಾಯುವುದಿಲ್ಲ ಎಂದು ಮೇಲೆ ನಿಂತವರೆಲ್ಲ ಧೈರ್ಯ ಹೇಳಿದರು. ಮೇಲೆ ನಿಂತವರಿಗೆ ಧೈರ್ಯ ಯಾವತ್ತೂ ಹೆಚ್ಚು.

ಆ ಗುಂಡಿಗೆ ಇಳಿಯದೆ ನೀರು ಬಿಡುವಂತಾಗಬೇಕು. ಅವಳ ಜೀವನದ ಆಸೆ ಇದೊಂದೇ. ಅದಕ್ಕಾಗಿ ಅವಳೇನೂ ಸುಮ್ಮನೆ ಕೂತಿರಲಿಲ್ಲ. ನಂಜನಗೂಡಿನ ವೆಲ್ಡಿಂಗ್ ಶಾಪಿನಲ್ಲಿ ಒಂದು ಉದ್ದನೆ ರಾಡು ಮಾಡಿಸಿ ತಂದಿದ್ದಳು. ನಮ್ಮ ವಾಲ್ವುಗಳೋ ಒಂದೂ ನೆಟ್ಟಗೆ ಕೂತಿಲ್ಲ, ತಲೆಗಳೆಲ್ಲ ಸವೆದು ದುಂಡಗಾಗಿವೆ. ರಾಡು ಹಾಕಿ ತಿರುಗಿಸಿದರೆ ಜಾರಿ ವಾಪಸು ಬಂದು ಅವಳ ಮೊಣಕಾಲಿಗೇ ಬಡಿಯಿತು. ವೆಲ್ಡರ್ ಮೂರು ಸಲ ರಾಡಿನ ಬಾಯಿ ಬದಲಾಯಿಸಿದ. ಆಮೇಲೆ, 'ಅಕ್ಕಾ, ಇದ ಓದ್ದೋರು ಯಾರಾರ ಮಾಡ್ಬೇಕು ಕನ, ನನ್ ಕೈಲಿ ಆಗಲ್ಲ' ಎಂದು ಕೈಮುಗಿದ. ಓರೆಯಾಗಿ ಕೂತ, ಸವೆದ ತಲೆಯನ್ನು ದೂರದಿಂದ ಹಿಡಿದು ತಿರುಗಿಸುವುದು ಹೇಗೆ? ಅದು ನಿಜಕ್ಕೂ ಓದಿದವರು ತಲೆ ಕೆಡಿಸಿಕೊಳ್ಳಬೇಕಾದ ಲೆಕ್ಕ.

ಓದಿದವರು ಬಂದರು.

ಕಂಪ್ಯೂಟರ್ ವಿಭಾಗದ ಪ್ರೊಫೆಸರ್ ಸುಚೇತಾ, ಅವರ ಕೈಕೆಳಗೆ ಪಿಎಚ್.ಡಿ. ಮಾಡುತ್ತಿದ್ದ ಸುಪ್ರೀತ್, ಒಂದು ಕಾರು, ಒಂದು ಬ್ಯಾನರ್. ಆ ವರ್ಷ ಸರ್ಕಾರದ ದುಡ್ಡು ಬಂದದ್ದು ಕೃತಕ ಬುದ್ಧಿಮತ್ತೆಗೆ. ಅದರ ಹಿಂದಿನ ವರ್ಷ ಡ್ರೋನಿಗೆ ಬಂದಿತ್ತು. ಆಗ ಇದೇ ಕಾಲೇಜಿನವರು ಕಳಲೆ ಕಡೆ ಬಾಳೆ ತೋಟಗಳ ಮೇಲೆ ಡ್ರೋನ್ ಹಾರಿಸಿ, ಅಲ್ಲಿ ಬಾಳೆ ಇದೆ ಎಂದು ಕಂಡುಹಿಡಿದಿದ್ದರು. ಈ ಸಲ ಅವರ ಯೋಜನೆ ಹೀಗಿತ್ತು: ಪ್ರತಿ ಬೀದಿಯ ಪೈಪಿಗೆ ಒಂದು ಮೀಟರು, ಮೀಟರಿನಿಂದ ಮೊಬೈಲ್ ಟವರಿಗೆ ಸುದ್ದಿ, ಟವರಿನಿಂದ ಮೈಸೂರಿನ ಕಂಪ್ಯೂಟರಿಗೆ. ಎಲ್ಲಿ ಪೈಪು ಸೋರುತ್ತಿದೆ ಎಂದು ಆ ಕಂಪ್ಯೂಟರು ತಾನೇ ಹೇಳುತ್ತದೆ. ನಮ್ಮೂರಲ್ಲಿ ಪೈಪು ಎಲ್ಲಿ ಸೋರುತ್ತದೋ ಅಲ್ಲಿ ಎಮ್ಮೆ ಮಲಗಿರುತ್ತದೆ. ಇರಲಿ.

ಮೊದಲ ಸಭೆಯಲ್ಲಿ ಸುಚೇತಾ ಮೇಡಂ ಒಳ್ಳೆಯ ಮಾತಿನಿಂದಲೇ ಶುರು ಮಾಡಿದರು. 'ನಮ್ಮ ಸಂಶೋಧನೆ ಕೆಲಸ ಮಾಡೋರಿಗೆ ಉಪಯೋಗ ಆಗಬೇಕು. ಅಮ್ಮಾ, ನಿಮಗೆ ಏನು ಬೇಕು ಹೇಳಿ.'

'ರಾಡು ಬೇಕು ಕನವ್ವ' ಎಂದಳು ಸುಬ್ಬಕ್ಕ. 'ಗುಂಡಿಗ ಇಳೀದಂಗ ಮ್ಯಾಲ ನಿಂತ್ಕಂಡೇ ತಿರುಗ್ಸದು. ವೆಲ್ಡಿಂಗ್‌ನೋನ್ ಕೈಲಿ ಆಗ್ನಿಲ್ಲ. ನೀವು ಮಾಡ್ಕೊಡಿ.'

ಮೇಡಂ ಬರೆದುಕೊಂಡರು. 'ಖಂಡಿತ ಮಾಡೋಣ ಅಮ್ಮ' ಎಂದರು. ಸುಳ್ಳು ಹೇಳುವ ಹೆಂಗಸಲ್ಲ ಆಕೆ. ಮಾಡಬಹುದು ಎಂದೇ ನಂಬಿದ್ದರು.

ಆಮೇಲೆ ಸುಪ್ರೀತ್ ಪ್ರಶ್ನೆ ಕೇಳಲು ಕೂತ.

'ಅಮ್ಮಾ, ಈ ಕೆಲಸದಲ್ಲಿ ನಿಮಗೆ ಎಷ್ಟು ತೃಪ್ತಿ ಇದೆ? ಒಂದರಿಂದ ಐದರೊಳಗೆ ಒಂದು ನಂಬರ್ ಹೇಳಿ.'

'ನಿಮ್ಗ ಎಷ್ಟು ಬೇಕು?'

'ಹಾಗಲ್ಲ ಅಮ್ಮ, ನಿಮಗೆ ಅನ್ನಿಸಿದ್ದು.'

'ಐದು ಬರ್ಕಳಪ್ಪ. ಎಂಟು ಅಂದ್ರೂ ಬರ್ಕ.'

'ಐದಕ್ಕಿಂತ ಜಾಸ್ತಿ ಇಲ್ಲಮ್ಮ.'

'ಅಯ್ಯೋ, ಅಷ್ಟೇನಾ ಇರದು!'

ಎಲ್ಲ ಬೀದಿಗೂ ಒಂದೇ ಸಮ ನೀರು ಬಿಡುತ್ತೀರಾ ಎಂದು ಕೇಳಿದ. ಒಂದೇ ಸಮ ಎಂದಳು. ಯಾವ ದಿನವೂ ಹೆಚ್ಚು ಕಡಿಮೆ ಮಾಡುವುದಿಲ್ಲವೇ? ದೇವರಾಣೆ ಇಲ್ಲ ಎಂದಳು. ಸುಪ್ರೀತನಿಗೆ ಬಹಳ ಸಂತೋಷವಾಯಿತು. ಇಷ್ಟು ಚೊಕ್ಕ ಉತ್ತರ ಯಾವ ಊರಲ್ಲೂ ಸಿಕ್ಕಿರಲಿಲ್ಲವಂತೆ. ಆ ಉತ್ತರವನ್ನೇ ಕಂಪ್ಯೂಟರಿಗೆ ಕಲಿಸಿದರು: ಈ ಊರಲ್ಲಿ ಎಲ್ಲ ಬೀದಿಗೂ ದಿನಾ ಒಂದೇ ಸಮ ನೀರು. ಅದಕ್ಕಿಂತ ಹೆಚ್ಚು ಹರಿದರೆ ಅಲ್ಲಿ ಸೋರುತ್ತಿದೆ ಎಂದು ತಿಳಿ.

ಅವಳು ಹೇಳಿದ್ದು ಶುದ್ಧ ಸುಳ್ಳು. ಅಣ್ಣನ ಬೀದಿಯ ಕಥೆ ಬಿಡಿ, ಅದು ಸಣ್ಣದು. ನಮ್ಮೂರಲ್ಲಿ ಒಂದು ಪದ್ಧತಿ ಇದೆ. ಯಾರ ಮನೆಯಲ್ಲಾದರೂ ಸಾವಾದರೆ, ತಿಥಿ ಮುಗಿಯುವ ತನಕ ಆ ಬೀದಿಯ ವಾಲ್ವನ್ನು ಬೇಗ ಕಟ್ಟುವುದಿಲ್ಲ. ಹೆಣ ತೊಳೆಯಬೇಕು, ಮನೆ ಸಾರಿಸಬೇಕು, ನೆಂಟರು ಬಂದು ಬೀಳುತ್ತಾರೆ, ಕೊನೆಯ ದಿನ ದೊಡ್ಡ ಅಡುಗೆ. ಹೆಚ್ಚು ನೀರು ಬಿಡು ಎಂದು ಸಾವಿನ ಮನೆಯವರು ಕೇಳುವುದಿಲ್ಲ, ಕೇಳಿಸಿಕೊಳ್ಳುವುದು ಇವಳಿಗೂ ಮರ್ಯಾದೆಯಲ್ಲ. ತಮಟೆ ಸದ್ದು ಕಿವಿಗೆ ಬಿದ್ದರೆ ಆಯಿತು. ಯಾವ ಸಭೆಯಲ್ಲೂ ಇದಕ್ಕೆ ಠರಾವು ಆಗಿಲ್ಲ, ಯಾವ ಜಗಳದಲ್ಲೂ ಇದು ಮುರಿದಿಲ್ಲ. ಆ ಮೇಷ್ಟ್ರ ತಾಯಿ ತೀರಿಕೊಂಡಾಗಲೂ ಬಿಟ್ಟಿದ್ದಳು.

ಹೀಗೆ ನಮ್ಮೂರಲ್ಲಿ ಒಬ್ಬರು ಸತ್ತರೆ ಮೈಸೂರಿನ ಕಂಪ್ಯೂಟರಿನಲ್ಲಿ ಒಂದು ಕೆಂಪು ಚುಕ್ಕೆ ಬೀಳಲು ಏರ್ಪಾಡಾಯಿತು.

ಮೀಟರು ಹಾಕಿದ ಮೇಲೆ ನಮ್ಮೂರಲ್ಲಿ ಮೊದಲು ಸತ್ತವರು ಮಂಟೇಸ್ವಾಮಿಯ ಅಪ್ಪ. ವಯಸ್ಸಾಗಿತ್ತು, ಉಂಡು ಮಲಗಿದವರು ಏಳಲಿಲ್ಲ. ಮಾರನೆಯ ದಿನದಿಂದ ಕೆಂಪು ಚುಕ್ಕೆ. ದಿನ ಕಳೆದಂತೆ ಚುಕ್ಕೆ ದಪ್ಪವಾಯಿತು. ಸೋರಿಕೆ ಇರುವ ಸಂಭವ ನೂರಕ್ಕೆ ತೊಂಬತ್ತನಾಲ್ಕು ಎಂದು ಯಂತ್ರ ಘೋಷಿಸಿತು. ಸುಪ್ರೀತ್ ಕುಣಿದಾಡಿದ. ಪಂಚಾಯಿತಿ ಅಧ್ಯಕ್ಷ ಚಿಕ್ಕಸ್ವಾಮಿ ನಂಜನಗೂಡಿನ ಪೇಪರಿನವರಿಗೆ ಫೋನ್ ಮಾಡಿದ. ನೆಲದೊಳಗಿನ ಸೋರಿಕೆಯನ್ನು ಕಂಪ್ಯೂಟರಿನಿಂದ ಹಿಡಿದ ತಾಲ್ಲೂಕಿನ ಮೊದಲ ಗ್ರಾಮ ಎಂದು ಬರಬೇಕಿತ್ತು. ಅಗೆಯುವ ದಿನ ಗೊತ್ತಾಯಿತು. ಅದೇ ದಿನ ಮಂಟೇಸ್ವಾಮಿಯ ಮನೆಯಲ್ಲಿ ತಿಥಿ.

ಬೀದಿಗೆ ಶಾಮಿಯಾನ ಹಾಕಿತ್ತು. ಒಲೆಯ ಮೇಲೆ ಸಾರು ಕುದಿಯುತ್ತಿದ್ದ ದೊಡ್ಡ ಕೊಳದಪ್ಪಲೆ. ಅದರ ಮಗ್ಗುಲಿಗೇ ಜೆಸಿಬಿ ಬಂದು ನಿಂತಿತು, ಜೆಸಿಬಿಯ ಹಿಂದೆ ಸುಚೇತಾ ಮೇಡಂ, ಸುಪ್ರೀತ್ ಬಂದ ಕಾರು.

'ಇವತ್ತು ನಮ್ಮಪ್ಪನ್ ತಿಥಿ ಕಣಣ್ಣ, ನಾಳ ಅಗ್ಸು' ಎಂದ ಮಂಟೇಸ್ವಾಮಿ.

'ನಾಳ ಪೇಪರ್‌ನೋರು ಬತ್ತರಾ?' ಎಂದ ಚಿಕ್ಕಸ್ವಾಮಿ. 'ಅರ್ಧ ಗಂಟ ಕೆಲ್ಸ ಕಣ್ಲಾ. ಕಂಪ್ಯೂಟ್ರೇ ಏಳ್ಯದ, ತೊಂಬತ್ನಾಕು ಪರ್ಸೆಂಟು.'

'ನಿಮ್ಮಪ್ಪನ್ ತಿಥಿ ದಿನ ಬಾಗ್ಲಿಗ ಜೆಸಿಬಿ ತತ್ತೀನಿ ತಡಿ, ಆಗ ಗೊತ್ತಾಯ್ತದ ಪರ್ಸೆಂಟು.'

ಜಗಲಿಯ ಮೇಲೆ ಕೂತಿದ್ದ ಮಂಟೇಸ್ವಾಮಿಯ ಸೋದರತ್ತೆ ಸಾಕಮ್ಮ ಎಲೆ ಅಡಿಕೆ ಉಗಿದು ಕೇಳಿದಳು: 'ಲೇ ಮಂಟ, ನಿಮ್ಮಪ್ಪನ್ನ ಊತಿದ್ದಾಯ್ತಲ್ಲಾ, ಇನ್ಯಾರಿಗ್ಲಾ ಈ ಗುಂಡಿ?'

ಸುಬ್ಬಲಕ್ಷ್ಮಮ್ಮ ಶಾಮಿಯಾನದ ಕಂಬ ಹಿಡಿದು ನಿಂತಿದ್ದಳು. ಸಾವಿನ ಬೀದಿಗೆ ಹೆಚ್ಚು ನೀರು ಎಂಬುದು ಊರಿಗೆಲ್ಲ ಗೊತ್ತು, ಆದರೆ ಕಂಪ್ಯೂಟರಿಗೆ ಒಂದೇ ಸಮ ಎಂದು ಹೇಳಿದ್ದು, ಹಾಗಾಗಿ ಅಲ್ಲಿ ಸೋರಿಕೆ ಇಲ್ಲ ಎಂಬುದು, ಗೊತ್ತಿದ್ದವಳು ಅವಳೊಬ್ಬಳೇ. ಹೇಳಿದರೆ ತಾನು ಹೇಳಿದ ಸುಳ್ಳು ಬಯಲಾಗುತ್ತದೆ. ಜೀವಮಾನದಲ್ಲಿ ಬಾಯಿ ಮುಚ್ಚದ ಹೆಂಗಸು ಆವತ್ತು ಮುಚ್ಚಿದಳು.

ಜೆಸಿಬಿ ಅಗೆಯಿತು. ಪೈಪು ಕಾಣಿಸಿತು, ಒಣಗಿದ ಮಣ್ಣಿನಲ್ಲಿ ಬೆಚ್ಚಗೆ ಮಲಗಿತ್ತು. ಒಂದು ಹನಿ ಇಲ್ಲ. 'ಇನ್ನೊಸಿ ಮುಂದ್ಕ' ಎಂದ ಅಧ್ಯಕ್ಷ. ಇನ್ನೊಸಿ ಮುಂದಕ್ಕೆ ಹೋದ ಬಕೆಟ್ಟು ಪೈಪಿಗೆ ತಗುಲಿತು. ನೀರು ತೆಂಗಿನ ಮರದೆತ್ತರ ಚಿಮ್ಮಿತು. ಶಾಮಿಯಾನ ತೊಯ್ದಿತು, ಒಲೆ ಆರಿತು, ಸಾರಿನ ದಪ್ಪಲೆ ತುಂಬಿ ಹರಿಯಿತು, ಸತ್ತವರಿಗೆ ಇಟ್ಟ ಎಡೆ ತೇಲಿಕೊಂಡು ಬೀದಿಗೆ ಬಂತು. ಪೇಪರಿನವನು ಫೋಟೋ ಹೊಡೆದ. ಮಾರನೆಯ ದಿನ ಬಂದ ಸುದ್ದಿ: ಭಾರಿ ಸೋರಿಕೆ ಪತ್ತೆ ಹಚ್ಚಿದ ಕೃತಕ ಬುದ್ಧಿಮತ್ತೆ.

ಆ ಚಿಮ್ಮುವ ನೀರನ್ನು ನಿಲ್ಲಿಸಬೇಕಿತ್ತಲ್ಲ. ಅದಕ್ಕೆ ಕಂಪ್ಯೂಟರಿನಲ್ಲಿ ಏನೂ ಇರಲಿಲ್ಲ. ಎಲ್ಲರ ಕಣ್ಣು ಸುಬ್ಬಕ್ಕನ ಕಡೆ ತಿರುಗಿತು. ಅವಳು ಓಡಿದಳು. ಬೀದಿಯ ನೀರೆಲ್ಲ ನುಗ್ಗಿ ವಾಲ್ವ್ ಗುಂಡಿ ಆಗಲೇ ಅರ್ಧ ತುಂಬಿತ್ತು. ಅವಳು ಇಳಿದಳು, ಮೆಟ್ಟಿಲೊಂದು ಮುರಿಯಿತು, ಕೈ ಊರಿ ಬಿದ್ದಳು. ಮೂಳೆ ಮುರಿದ ಸದ್ದು ಮೇಲಿದ್ದವರಿಗೂ ಕೇಳಿಸಿತು. ಬಲಗೈ ಜೋತುಬಿದ್ದಿತ್ತು. ಎದೆಮಟ್ಟದ ಕೊಚ್ಚೆಯಲ್ಲಿ ಎಡಗೈಯೊಂದರಲ್ಲೇ ಸ್ಪ್ಯಾನರ್ ಹಾಕಿ ವಾಲ್ವ್ ಕಟ್ಟಿದಳು. ಅಷ್ಟು ಹೊತ್ತೂ ಅಧ್ಯಕ್ಷನ ವಂಶದ ಅಷ್ಟೂ ತಲೆಮಾರನ್ನು ಬಯ್ಯುತ್ತಿದ್ದಳು. ಆ ಬೈಗುಳ ಪೇಪರಿನಲ್ಲಿ ಬರಲಿಲ್ಲ.

ಮೇಲೆ ಎಳೆದುಕೊಂಡು ಕೂರಿಸಿದಾಗ ಸುಚೇತಾ ಮೇಡಂ ಕೆಸರಿನಲ್ಲೇ ಪಕ್ಕಕ್ಕೆ ಕೂತರು. ಸುಬ್ಬಕ್ಕ ಆಗ ಹೇಳಿದಳು. ಸೋರಿಕೆ ಇಲ್ಲ, ನಾನೇ ಹೆಚ್ಚು ಬಿಟ್ಟದ್ದು, ಸಾವಿನ ಮನೆಗೆ ಬಿಡುತ್ತೀನಿ.

'ಅಯ್ಯೋ, ಮೊದಲೇ ಯಾಕೆ ಹೇಳಲಿಲ್ಲ ಅಮ್ಮ? ನಾವು ಕೇಳಿದ್ವಲ್ಲ!'

'ಕೇಳುದ್ರಿ ಕನವ್ವ. ಇದ್ದುದ್ ಇದ್ದಂಗ ಏಳುದ್ರ, ಈ ಊರು ಸರಿ ಇಲ್ಲ ಅಂತ ನೀವು ಬ್ಯಾರೆ ಊರ್ಗ ಓಗ್ಬುಡ್ತಿದ್ರಿ. ನೀವು ಓದ್ರ ನನ್ ರಾಡು ಯಾರ್ ಮಾಡಾರು? ಅದ್ಕ ನಿಮ್ಗ ಇಷ್ಟ ಆಗಂಗ ಏಳ್ದಿ.'

ಇದರಲ್ಲಿ ಸುಬ್ಬಕ್ಕನ ತಪ್ಪೂ ಇದೆ, ನಾನು ಮುಚ್ಚಿಡುವುದಿಲ್ಲ. ಆದರೆ ಬಡವರ ಹತ್ತಿರ ಸಮೀಕ್ಷೆಗೆ ಹೋಗುವವರೆಲ್ಲ ಒಂದು ತಿಳಿದಿರಬೇಕು. ನಿಮ್ಮ ಕೈಯಲ್ಲಿ ಕೊಡುವ ವಸ್ತು ಏನಾದರೂ ಇದೆ ಎಂದು ಅನ್ನಿಸಿದ ಗಳಿಗೆಯಿಂದ ನಿಮಗೆ ಸಿಗುವುದೆಲ್ಲ ನೀವು ಕೇಳಲು ಇಷ್ಟಪಡುವ ಮಾತು.

ಕೈ ಮುರಿದದ್ದನ್ನು ಕಂಡ ಮೇಲೆ ಮೇಡಂ ನಿಜಕ್ಕೂ ಓಡಾಡಿದರು. ಮೆಕ್ಯಾನಿಕಲ್ ವಿಭಾಗಕ್ಕೆ ಹೋದರು. ವಾಲ್ವ್ ಗುಂಡಿ ಎಂದರೆ ಸಿವಿಲ್‌ನವರದ್ದು ಎಂದರು ಅವರು. ರಾಡು ಎಂದರೆ ಮೆಕ್ಯಾನಿಕಲ್‌ನವರದ್ದು ಎಂದರು ಸಿವಿಲ್‌ನವರು. ಎರಡೂ ವಿಭಾಗದ ನಡುವೆ ಇರುವುದು ಒಂದು ಕ್ಯಾಂಟೀನು. ಕೊನೆಗೆ ಸಂಶೋಧನಾ ಸಮಿತಿಗೆ ಅರ್ಜಿ ಹಾಕಿದರು. ಸಮಿತಿಯವರು ಕೇಳಿದ ಪ್ರಶ್ನೆ: ಇದರಲ್ಲಿ ಹೊಸತೇನಿದೆ? ರಾಡು ಹಳೆಯದು, ವಾಲ್ವ್ ಹಳೆಯದು, ಹೆಂಗಸೂ ಹಳಬಳು. ಇದು ಯಾವ ಪತ್ರಿಕೆಯಲ್ಲೂ ಅಚ್ಚಾಗುವುದಿಲ್ಲ, ಅಚ್ಚಾಗದ್ದಕ್ಕೆ ಅಂಕವಿಲ್ಲ, ಅಂಕವಿಲ್ಲದ್ದಕ್ಕೆ ದುಡ್ಡಿಲ್ಲ. ಅರ್ಜಿ ವಾಪಸು.

ಸಮಿತಿಗೆ ಬೇರೆಯದೊಂದು ಬಹಳ ಹಿಡಿಸಿತು. ಯಂತ್ರ ತಪ್ಪು ಹೇಳಿದ್ದೇ ಹೊಸ ವಿಷಯ! ಹಳ್ಳಿಯಲ್ಲಿ ಸಾವಾದರೆ ನೀರಿನ ಬಳಕೆ ಏರುತ್ತದೆ ಎಂಬುದು ಜಗತ್ತಿನಲ್ಲಿ ಯಾರೂ ಬರೆಯದ ಸಂಗತಿಯಂತೆ. ಗ್ರಾಮೀಣ ನೀರು ಬಳಕೆಯಲ್ಲಿ ಮರಣಸಂಬಂಧಿ ಏರಿಳಿತ ಎಂದು ಎರಡನೆಯ ಪ್ರಬಂಧ ತಯಾರಾಯಿತು. ಮೊದಲನೆಯದು ಯಂತ್ರ ಗೆದ್ದದ್ದಕ್ಕೆ, ಎರಡನೆಯದು ಯಂತ್ರ ಸೋತದ್ದಕ್ಕೆ. ನಾವು ರಾಗಿ ಬಿತ್ತಿದವರು. ಬೆಳೆ ಬಂದರೂ ಲಾಭ, ಹೋದರೂ ಲಾಭ ಎಂಬ ಬೇಸಾಯವನ್ನು ಕಂಡದ್ದು ಇದೇ ಮೊದಲು.

ಆ ವರ್ಷ ತಿರುಮಕೂಡಲು ನರಸೀಪುರದಲ್ಲಿ ಕಾಲೇಜಿನವರು ಒಂದು ಸಮಾವೇಶ ಮಾಡಿದರು. ದುಡಿಯುವ ಕೈಗಳಿಗೆ ತಂತ್ರಜ್ಞಾನ ಎಂದು ಬಾಗಿಲಿಗೆ ದೊಡ್ಡ ಬ್ಯಾನರು. ಹೊಳೆದಂಡೆಯ ಹತ್ತಿರದ ಒಂದು ಕಲ್ಯಾಣ ಮಂಟಪ, ವೇದಿಕೆಯ ಮೇಲೆ ಎರಡು ಸಾಲು ಕೋಟು. ಸಂಶೋಧನೆಯ ಸಹಭಾಗಿ ಎಂದು ಸುಬ್ಬಲಕ್ಷ್ಮಮ್ಮನಿಗೆ ಸನ್ಮಾನ. ಜೊತೆಗೆ ಅವಳ ಸೊಸೆ ಕೋಮಲ, ನಾನು. ಹಾಸನದ ಕಡೆಯಿಂದ ಬಂದಿದ್ದ ಒಬ್ಬರು ಮಾತಾಡುತ್ತ, ಪ್ರಯೋಗಾಲಯ ಹೊಲಕ್ಕೆ ಇಳಿಯಬೇಕು ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವರ ಬೂಟು ಕನ್ನಡಿಯಂತೆ ಹೊಳೆಯುತ್ತಿತ್ತು.

ಸುಬ್ಬಕ್ಕನಿಗೆ ಶಾಲು ಹೊದಿಸಿದರು. ಬಲಗೈಗೆ ಬ್ಯಾಂಡೇಜು ಇದ್ದುದರಿಂದ ಹಣ್ಣಿನ ಬುಟ್ಟಿ ಹಿಡಿಯಲಾಗಲಿಲ್ಲ, ಫೋಟೋಗೆ ಬೇರೆ ಯಾರೋ ಹಿಡಿದುಕೊಂಡರು. ಎರಡು ಮಾತಾಡಿ ಎಂದು ಮೈಕು ಕೊಟ್ಟರು.

'ಎಲ್ರಿಗೂ ಸರಣು. ಸಾಲು ಚೆಂದಾಗದ. ನನ್ ರಾಡು ಎಲ್ಲಿ ಸಾ?'

ಸಭೆ ನಕ್ಕಿತು. ಹಳ್ಳಿಯವಳ ಮುಗ್ಧತೆ ಎಂದುಕೊಂಡರು. ಅವಳು ನಗಲಿಲ್ಲ, ಮೈಕನ್ನೂ ಬಿಡಲಿಲ್ಲ.

'ನಗಾಡ್ಬೇಡಿ. ಕೊಡ್ತೀವಿ ಅಂದಿದ್ರಿ, ಅದ್ಕ ಕೇಳ್ತಾ ಇವ್ನಿ. ಮಾಡ್ದಿದ್ರ ಮಾಡಲ್ಲ ಅಂತ ಏಳ್ಬುಡಿ, ಬ್ಯಾರೇರ್ನ ನೋಡ್ತೀನಿ.'

ನಿರೂಪಕ ಮೈಕು ಮೆಲ್ಲಗೆ ಬಿಡಿಸಿಕೊಂಡ. 'ಅಮ್ಮನವರ ಅಮೂಲ್ಯ ಸಲಹೆಯನ್ನು ಭವಿಷ್ಯದ ಕೆಲಸ ಎಂಬ ಭಾಗದಲ್ಲಿ ಈಗಾಗಲೇ ದಾಖಲಿಸಿಕೊಂಡಿದ್ದೇವೆ' ಎಂದ. ಅದಕ್ಕೂ ಚಪ್ಪಾಳೆ ಬಿತ್ತು. ಸುಚೇತಾ ಮೇಡಂ ತಲೆ ತಗ್ಗಿಸಿ ಕೂತಿದ್ದರು. ಊಟದ ಹೊತ್ತಿಗೆ ನಮ್ಮ ಹತ್ತಿರ ಬಂದು, 'ನನ್ನ ಕೈಯಲ್ಲಿಲ್ಲ ಸರ್, ಪ್ರಾಜೆಕ್ಟ್ ಏನು ಅಂತ ನಿರ್ಧಾರ ಮಾಡೋದು ನಾನಲ್ಲ' ಎಂದರು. ನಾನು ನಂಬಿದೆ. ನಾನು ಕಂಡಿರುವ ಒಳ್ಳೆಯ ಅಧಿಕಾರಿಗಳೆಲ್ಲ ಹೇಳಿದ ಮಾತು ಅದೇ.

ಬಸ್ಸಿನಲ್ಲಿ ಸುಬ್ಬಕ್ಕ ಕೇಳಿದಳು: 'ಬವಿಷ್ಯ ಅಂದ್ರ ಯಾವಾಗ ಬತ್ತದ ಕಣಣ್ಣ?'

ಮುಂದಿನ ಸೀಟಿನಿಂದ ಕೋಮಲ ತಿರುಗಿ, 'ಸುಮ್ನ ಬಾಳೆಣ್ಣು ತಿನ್ನತ್ತ' ಎಂದಳು.

ಮೂಳೆ ಸರಿಯಾಗಿ ಕೂಡಲಿಲ್ಲ. ಸುಬ್ಬಲಕ್ಷ್ಮಮ್ಮ ಈಗ ಮುದ್ದೆ ಮುರಿಯುವುದೂ ಎಡಗೈಯಲ್ಲಿ. ಪಂಚಾಯಿತಿ ಹಾಜರಿಯಲ್ಲಿ ವಾಟರ್‌ಮ್ಯಾನ್ ಎಂಬುದರ ಮುಂದೆ ಕೋಮಲಳ ಹೆಸರು ಬಂದಿದೆ. ಅತ್ತೆ ಗುಂಡಿಯ ಬಾಯಲ್ಲಿ ಕೂತು ಎಷ್ಟು ಸುತ್ತು ತಿರುಗಿಸಬೇಕೆಂದು ಕೂಗುತ್ತಾಳೆ, ಸೊಸೆ ಒಳಗಿನಿಂದ ಅತ್ತೆಯನ್ನು ಬಯ್ಯುತ್ತಾಳೆ. ಮೀಟರುಗಳ ಬ್ಯಾಟರಿ ಮುಗಿದು ಬಹಳ ಕಾಲವಾಯಿತು.

ಕಳೆದ ತಿಂಗಳು ಅದೇ ಕಾಲೇಜಿನಿಂದ ಹೊಸ ತಂಡ ಬಂತು. ಈ ಸಲ ದುಡ್ಡು ಬಂದಿರುವುದು ಕಾರ್ಮಿಕರ ಸುರಕ್ಷತೆಗೆ. ಕೋಮಲಳ ಕೈಗೆ ಗಡಿಯಾರದಂಥ ಒಂದು ಪಟ್ಟಿ ಕಟ್ಟುತ್ತಾರಂತೆ. ಅವಳು ಗುಂಡಿಗೆ ಇಳಿಯುವಾಗ ಎದೆ ಎಷ್ಟು ಜೋರಾಗಿ ಬಡಿಯುತ್ತದೆ ಎಂದು ಅದು ಮೈಸೂರಿಗೆ ತಿಳಿಸುತ್ತದಂತೆ. ಅವಳಿಗೆ ಹೆದರಿಕೆಯಾಗುತ್ತದೆ ಎಂಬುದನ್ನು ಹೀಗೆ ಅನುಮಾನಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡುತ್ತಾರೆ.

ಕೋಮಲ ಆ ಪಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿದಳು. 'ಇದ ನೀವೇ ಕಟ್ಕಂಡು ಇಳೀರಿ ಸಾ. ನಾನು ಮ್ಯಾಲ ನಿಂತ್ಕಂಡು ಬರ್ಕತ್ತೀನಿ' ಎಂದಳು. ತಂಡದವರು ಕಾರು ಹತ್ತಿದರು. ಸಹಕರಿಸದ ಗ್ರಾಮ ಎಂದು ನಮ್ಮ ಹೆಸರು ಹೋಗಿದೆಯಂತೆ. ಹೋಗಲಿ.

ಈಗ ನಿಮ್ಮ ಸರದಿ. ಇದನ್ನು ಓದುತ್ತಿರುವ ನೀವು ಪಾಠ ಹೇಳುವವರಿರಬಹುದು, ದುಡ್ಡು ಮಂಜೂರು ಮಾಡುವ ಸಮಿತಿಯಲ್ಲಿ ಕೂರುವವರಿರಬಹುದು. ಎರಡೂ ಅಲ್ಲದಿದ್ದರೆ ನಿಮ್ಮ ಮಗನೋ ಮಗಳೋ ಅಂಥ ಕಾಲೇಜಿನಲ್ಲಿದ್ದಾರೆ, ಇಲ್ಲವೇ ನೀವು ಅಂಗಡಿಯಲ್ಲಿ ಸೋಪು ಕೊಂಡಾಗ ಕಟ್ಟುವ ತೆರಿಗೆ ಅಲ್ಲಿಗೆ ಹೋಗುತ್ತಿದೆ. ಅಯ್ಯೋ ಪಾಪ ಎಂದು ಈ ಹಾಳೆ ಮಡಿಸಿ ಇಡಬೇಡಿ, ನಮಗೆ ಅದು ಬೇಡ. ಯಾವುದನ್ನು ಸಂಶೋಧನೆ ಮಾಡಬೇಕು ಎಂದು ತೀರ್ಮಾನಿಸುವ ಆ ಮೇಜಿನ ಮುಂದೆ ಕೋಮಲಳಿಗೊಂದು ಕುರ್ಚಿ ಹಾಕಿ. ಸನ್ಮಾನದ ಕುರ್ಚಿಯಲ್ಲ, ಮತ ಹಾಕುವ ಕುರ್ಚಿ. ಇದು ನಮಗೆ ಬೇಡ ಎಂದು ಅವಳು ಹೇಳಿದರೆ ಆ ದುಡ್ಡು ಅಲ್ಲೇ ನಿಲ್ಲಬೇಕು, ಇದು ಬೇಕು ಎಂದರೆ ಹೊಸತೋ ಹಳತೋ ಎಂದು ಕೇಳದೆ ಮಾಡಿಕೊಡಬೇಕು. ಆ ಕುರ್ಚಿಯನ್ನು ಯಾವತ್ತು ಹಾಕಿಸುತ್ತೀರಿ? ತಾರೀಖು ಹೇಳಿ.